ಅಟ್ಟದ ಮೇಲಿನ ಗೆಣಸು

ನಿನ್ನೆ ಬೆಳಿಗ್ಗೆ ಕಲಘಟಗಿ ಬಸ್ಸಿಗೆ ನನ್ನ ತಮ್ಮ ಎರಡು ಚೀಲ ಗೆಣಸು ಹಾಕಿ ಕಳಿಸಿದ್ದ. ಹುಬ್ಬಳ್ಳಿಯಲ್ಲಿ ಇಳಿಸಿಕೊಂಡು ಆಟೊದಲ್ಲಿ ಖಾನಾವಳಿಗೆ ತರುವ ಹೊತ್ತಿಗೆ ಅವ್ವ ಹಿಂದಿನ ಕೋಣೆ ಗುಡಿಸಿ, ಗೋಣಿತಟ್ಟು ಹಾಸಿ, ಗೋಡೆಗೆ ಒರಗಿ ಕುಳಿತಿದ್ದಳು. ಚೀಲದ ಹೊಲಿಗೆ ಬಿಚ್ಚಿದೊಡನೆ ಕೆಮ್ಮಣ್ಣಿನ ವಾಸನೆ ಕೋಣೆ ತುಂಬಿತು. ಅವ್ವ ಮೊದಲು ಕೈಗೆ ಬಂದ ಗೆಣಸನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ, ಉಗುರಿನಿಂದ ತೊಗಟೆಯನ್ನು ಒಂದಿಷ್ಟೇ ಗೀರಿ, "ಪರವಾಗಿಲ್ಲ, ನೆರಳಲ್ಲಿ ಆರಿಸಿಯೇ ಕಳಿಸಿದ್ದಾನೆ" ಎಂದಳು. ತಮ್ಮ ಕೆಲಸವನ್ನು ಬಲ್ಲವನು ಎಂಬುದಕ್ಕೆ ಅವಳ ಬಾಯಿಂದ ಬರುವ ದೊಡ್ಡ ಪ್ರಮಾಣಪತ್ರ ಅದು.

ಶಿವರಾತ್ರಿಗೆ ಇನ್ನೂ ಇಪ್ಪತ್ತೆರಡು ದಿನ ಇದೆ. ಊಟಕ್ಕೆ ಬಂದವರಲ್ಲಿ ಒಬ್ಬರು ಕೇಳಿಯೇ ಬಿಟ್ಟರು: "ಇಷ್ಟು ಬೇಗ ಯಾಕೆ ತರಿಸಿದಿರಿ ಅಕ್ಕಾ? ಹಬ್ಬದ ಹಿಂದಿನ ದಿನ ಜನತಾ ಬಜಾರಿನಲ್ಲಿ ತಾಜಾ ಸಿಗುತ್ತದಲ್ಲ?" ಸಿಗುತ್ತದೆ. ಆದರೆ ಗೆಣಸಿನ ವಿಷಯದಲ್ಲಿ ತಾಜಾ ಎಂಬುದು ಹೊಗಳಿಕೆಯ ಮಾತಲ್ಲ. ಮೆಂತ್ಯೆ ಸೊಪ್ಪು ತಾಜಾ ಇರಬೇಕು, ಬದನೆಕಾಯಿ ತಾಜಾ ಇರಬೇಕು. ಗೆಣಸು ಮಾತ್ರ ಮಣ್ಣಿನಿಂದ ಮೇಲೆ ಬಂದ ಮೇಲೆ ಹದಿನೈದು ಇಪ್ಪತ್ತು ದಿನ ಸುಮ್ಮನೆ ಮಲಗಬೇಕು. ಇದನ್ನು ನಾನು ಅವ್ವನ ಬಾಯಿಂದ ನೂರು ಸಲ ಕೇಳಿದ್ದರೂ ಕಲಿತದ್ದು ಒಂದು ದೊಡ್ಡ ನಷ್ಟದ ನಂತರ.

ಏಳು ವರ್ಷದ ಹಿಂದಿನ ಮಾತು. ಖಾನಾವಳಿಯ ಖರೀದಿ, ಲೆಕ್ಕ ಎರಡೂ ನನ್ನ ಕೈಗೆ ಬಂದ ಮೊದಲ ವರ್ಷ. ಹಬ್ಬಕ್ಕೆ ಎಂಬತ್ತು ಗೆಣಸಿನ ಹೋಳಿಗೆಗೆ ಮುಂಗಡ ಬಂದಿತ್ತು. ಊರಿಂದ ಒಳ್ಳೆಯ ಗೆಣಸು ಬಂದಿತ್ತು. ಕೆಡಬಾರದೆಂಬ ಕಾಳಜಿಯಿಂದ ನಾನು ಅದನ್ನೆಲ್ಲ ತೊಳೆದು, ಒರೆಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಹೊಸದಾಗಿ ಕೊಂಡಿದ್ದ ದೊಡ್ಡ ಫ್ರಿಜ್ಜಿನಲ್ಲಿ ಇಟ್ಟೆ. ಹನ್ನೆರಡು ದಿನ ಇಟ್ಟೆ. ಹೊರಗಿನಿಂದ ನೋಡಿದರೆ ಒಂದು ಕಲೆ ಇರಲಿಲ್ಲ. ಹಬ್ಬದ ಹಿಂದಿನ ರಾತ್ರಿ ಕುದಿಸಿ, ಸುಲಿದು, ಹೂರಣಕ್ಕೆ ಅರೆಯಲು ಕುಳಿತಾಗ ಅವ್ವ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದಳು. ಅವಳ ಬೆರಳು ನಿಂತುಬಿಟ್ಟಿತು. ಮೆತ್ತಗಿನ ತಿರುಳಿನ ನಡುವೆ ಕಾಳಿನಂಥ, ಹಸಿ ಮೂಲಂಗಿಯಂಥ ಗಟ್ಟಿ ತುಣುಕುಗಳು. ಮತ್ತೆ ಒಂದು ತಾಸು ಕುದಿಸಿದೆವು. ಅವು ಕರಗಲಿಲ್ಲ. ಲಟ್ಟಣಿಗೆಯ ಕೆಳಗೆ ಅಂಥ ಒಂದು ತುಣುಕು ಬಂದರೆ ಸಾಕು, ಹೋಳಿಗೆ ಹರಿದು ಹೂರಣ ಹೊರಗೆ ಬರುತ್ತದೆ. ಆ ರಾತ್ರಿಯೇ ಮಾರುಕಟ್ಟೆಗೆ ಓಡಿ ಸಿಕ್ಕ ಗೆಣಸು ತಂದು ಹೋಳಿಗೆ ಮಾಡಿದೆವು. ಅವು ಆಗಷ್ಟೇ ಕಿತ್ತ ಗೆಣಸು, ಸಿಹಿಯೇ ಇರಲಿಲ್ಲ. ಬೆಲ್ಲ ಸುರಿದು ಸರಿಮಾಡಿದೆವು. ಅವ್ವ ನನ್ನನ್ನು ಬೈಯಲಿಲ್ಲ. "ಥಂಡಿಗೆ ಸತ್ತ ಗೆಣಸು ಬೆಂಕಿಗೆ ಬಗ್ಗುವುದಿಲ್ಲ" ಎಂದಷ್ಟೇ ಹೇಳಿದಳು.

ಆಮೇಲೆ ಓದಿ ತಿಳಿದುಕೊಂಡೆ. ಗೆಣಸು ಬಿಸಿ ನಾಡಿನ ಬೆಳೆ. ಮೂಲ ಅಮೆರಿಕ ಖಂಡದ್ದು, ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಅದರ ಬಳ್ಳಿಯ ಹೂವನ್ನು ನೋಡಿದವರಿಗೆ ಗೊತ್ತು, ಬೇಲಿಯ ಮೇಲೆ ಬೆಳಿಗ್ಗೆ ಅರಳುವ ನೀಲಿ ಗಂಟೆ ಹೂವಿನ ಬಳಗ ಅದು. ಆಲೂಗಡ್ಡೆಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಹದಿಮೂರರಿಂದ ಹದಿನಾರು ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತವಾದ ತಂಪು. ಹತ್ತು ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಒಳಗೇ ಪೆಟ್ಟು ತಿನ್ನುತ್ತದೆ, ನಡುವಿನ ತಿರುಳು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಮನೆಯ ಫ್ರಿಜ್ಜಿನ ಒಳಗೆ ಇರುವುದು ನಾಲ್ಕೈದು ಡಿಗ್ರಿ. ಬೇಯಿಸಿದ ಗೆಣಸನ್ನು ಅಲ್ಲಿ ಮೂರು ದಿನ ಧಾರಾಳವಾಗಿ ಇಡಬಹುದು. ಹಸಿಯದನ್ನು ಮಾತ್ರ ಬೇಡ.

ಹಾಗಾದರೆ ಎಲ್ಲಿಡಬೇಕು? ಅಪ್ಪ ಇದ್ದಾಗ ಗೆಣಸು ಕಿತ್ತ ದಿನ ಮನೆಗೆ ಹೊತ್ತು ತರುತ್ತಿರಲಿಲ್ಲ. ಹೊಲದ ಮಾವಿನ ಮರದ ನೆರಳಿಗೆ ಸುರಿದು, ಅದರದೇ ಬಳ್ಳಿಯನ್ನು ಮೇಲೆ ಹೊದಿಸಿ, ಐದಾರು ದಿನ ಬಿಡುತ್ತಿದ್ದ. ಚಿಕ್ಕವಳಿದ್ದಾಗ ಅದು ಸೋಮಾರಿತನ ಅನ್ನಿಸುತ್ತಿತ್ತು. ಕೀಳುವಾಗ ಗುದ್ದಲಿ ತಾಗಿ, ಒಂದಕ್ಕೊಂದು ಉಜ್ಜಿ, ಗೆಣಸಿನ ತೆಳು ತೊಗಟೆ ಅಲ್ಲಲ್ಲಿ ಸುಲಿದಿರುತ್ತದೆ. ಬೆಚ್ಚಗೆ, ಒಂದಿಷ್ಟು ತೇವದ ಗಾಳಿಯಲ್ಲಿ ಇಟ್ಟರೆ ಆ ಗಾಯದ ಮೇಲೆ ಬೂಚಿನಂಥ ಹೊಸ ಪದರ ಕಟ್ಟುತ್ತದೆ. ದೊಡ್ಡ ಬೆಳೆಗಾರರು ಇದನ್ನೇ ಮೂವತ್ತು ಡಿಗ್ರಿಯ ಆಸುಪಾಸಿನ, ತೇವ ತುಂಬಿದ ಕೋಣೆಯಲ್ಲಿ ನಾಲ್ಕರಿಂದ ಏಳು ದಿನ ಇಟ್ಟು ಮಾಡುತ್ತಾರೆ. ಗಾಯ ಮಾಯದ ಗೆಣಸು ವಾರದಲ್ಲಿ ಕೊಳೆಯುತ್ತದೆ, ಮಾಯ್ದದ್ದು ತಿಂಗಳುಗಟ್ಟಲೆ ನಿಲ್ಲುತ್ತದೆ. ಅಷ್ಟೇ ಅಲ್ಲ, ಮಲಗಿದ ದಿನಗಳಲ್ಲಿ ಒಳಗಿನ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗುತ್ತಾ ಹೋಗುತ್ತದೆ. ನಿನ್ನೆ ಅವ್ವ ಉಗುರಿನಿಂದ ಗೀರಿ ನೋಡಿದ್ದು ಇದನ್ನೇ: ತೊಗಟೆ ಜಾರಿ ಬಂದರೆ ಹಸಿ, ಅಂಟಿಕೊಂಡು ಕುಳಿತರೆ ಮಾಯ್ದದ್ದು.

ನಮ್ಮ ಖಾನಾವಳಿಯಲ್ಲಿ ಒಲೆಯ ಕೋಣೆಯ ಪಕ್ಕದ ಅಟ್ಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಿಸಿಲಿಲ್ಲ, ಗಾಳಿ ಆಡುತ್ತದೆ, ರಾತ್ರಿಯ ಚಳಿ ನೇರವಾಗಿ ತಟ್ಟುವುದಿಲ್ಲ. ಬಿದಿರಿನ ಬುಟ್ಟಿಯಲ್ಲಿ ಕೆಳಗೆ ಹಳೆಯ ಪತ್ರಿಕೆ ಹಾಕಿ, ಒಂದೇ ಪದರವಾಗಿ, ಹೆಚ್ಚೆಂದರೆ ಎರಡು ಪದರವಾಗಿ ಜೋಡಿಸುತ್ತೇವೆ. ಮಣ್ಣು ಹಾಗೆಯೇ ಇರಲಿ. ತೊಳೆಯುವುದು ಕುದಿಸುವ ದಿನ ಮಾತ್ರ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಬೇಸಿಗೆ ಏರಿದಂತೆ ಮೊಳಕೆ ಒಡೆಯುತ್ತದೆ. ಆಲೂಗಡ್ಡೆಯ ಮೊಳಕೆಯಂತೆ ಇದರಲ್ಲಿ ವಿಷವಿಲ್ಲ, ಮುರಿದು ಹಾಕಿ ಬೇಯಿಸಬಹುದು. ಆದರೆ ಮೊಳಕೆ ಬಂದಷ್ಟೂ ಗೆಣಸು ಸೊರಗಿ ನಾರಾಗುತ್ತದೆ.

ಆರಿಸುವ ವಿಷಯಕ್ಕೆ ಬರುತ್ತೇನೆ. ಹೊಲದಿಂದ ಗೆಣಸು ಬರದ ತಿಂಗಳುಗಳಲ್ಲಿ ನಾನೂ ತಳ್ಳುಗಾಡಿಯ ಮುಂದೆಯೇ ನಿಲ್ಲುವವಳು. ದಪ್ಪನೆಯದು ಹಿಡಿದು ಸಂತೋಷಪಡಬೇಡಿ. ಅತಿ ದೊಡ್ಡದರಲ್ಲಿ ನಾರು ಹೆಚ್ಚು, ಹೊರಗೆ ಬೆಂದು ಮುಗಿದರೂ ನಡುವೆ ಬೆಂದಿರುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಎರಡೂ ತುದಿ ಹೊರಗೆ ಕಾಣುವಷ್ಟು ಉದ್ದ, ನಡುವೆ ತುಂಬಿಕೊಂಡು ತುದಿಗೆ ಸಣ್ಣಗಾದ, ಕೈಗೆ ಭಾರ ಅನ್ನಿಸುವ ಗೆಣಸು ಒಳ್ಳೆಯದು. ತುದಿಯನ್ನು ಒತ್ತಿ ನೋಡಿ. ಕೊಳೆಯುವುದು ಅಲ್ಲಿಂದಲೇ ಶುರುವಾಗುತ್ತದೆ. ಒದ್ದೆಯಾಗಿ ಹೊಳೆಯುವಂತೆ ತೊಳೆದಿಟ್ಟ ರಾಶಿಯನ್ನು ನಾನು ಮುಟ್ಟುವುದಿಲ್ಲ. ಮಣ್ಣು ಅಂಟಿದ ರಾಶಿ ಪಕ್ಕದಲ್ಲಿದ್ದರೆ ಅಲ್ಲಿಗೆ ಹೋಗುತ್ತೇನೆ.

ಬಲಿತದ್ದೋ ಎಳೆಯದೋ ಎಂದು ತಿಳಿಯಲು ಅಪ್ಪನ ಹತ್ತಿರ ಒಂದು ಪರೀಕ್ಷೆ ಇತ್ತು. ಬಳ್ಳಿಗೆ ನಾಲ್ಕು ತಿಂಗಳಾಗುತ್ತಾ ಬಂದು ಎಲೆ ಹಳದಿಗೆ ತಿರುಗಿದಾಗ ಒಂದು ಗೆಣಸು ಕಿತ್ತು, ಕುಡುಗೋಲಿನಿಂದ ಅಡ್ಡಲಾಗಿ ಕತ್ತರಿಸಿ, ಅಂಗೈ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಕತ್ತರಿಸಿದ ಕಡೆ ತೊಗಟೆಯ ಕೆಳಗಿನಿಂದ ಹಾಲಿನ ಸಣ್ಣ ಸಣ್ಣ ಹನಿಗಳು ಉಂಗುರದಂತೆ ಮೂಡುತ್ತವೆ. ಆ ಹಾಲು ಬಿಳಿಯಾಗಿಯೇ ಆರಿದರೆ ಬೆಳೆ ಬಲಿತಿದೆ. ಕತ್ತರಿಸಿದ ಮೈ ಹಸಿರುಗಪ್ಪಾಗಿ ಕಂದಿದರೆ ಇನ್ನೂ ಎಂಟು ಹತ್ತು ದಿನ ಬಿಡಬೇಕು. ಅಪ್ಪ ಆ ತುಂಡನ್ನು ಕೊನೆಗೆ ನನ್ನ ಬಾಯಿಗೆ ಹಾಕುತ್ತಿದ್ದ. ಹಸಿ ಗೆಣಸು ತಿನ್ನಬಹುದು, ಆದರೆ ಮರಗೆಣಸನ್ನು ಹಾಗೆ ಎಂದೂ ಹಸಿಯಾಗಿ ತಿನ್ನಬೇಡಿ, ಅದು ಬೇರೆಯೇ ಗಿಡ, ಹಸಿಯದರಲ್ಲಿ ವಿಷವಿರುತ್ತದೆ.

ಇನ್ನು ಹುಳು. ಇದನ್ನು ಹೇಳಲೇಬೇಕು. ಗೆಣಸಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ತೂತುಗಳು ಕಂಡರೆ ಅದು ಮೂತಿ ಹುಳುವಿನ ಗುರುತು. ಕತ್ತರಿಸಿದರೆ ಒಳಗೆ ಕಪ್ಪು ಸುರಂಗ, ಮೂಗಿಗೆ ಹಿಡಿದರೆ ಕಹಿ ಘಾಟು. ಆ ಕಹಿ ಹುಳುವಿನದಲ್ಲ. ಹುಳುವಿನಿಂದ ತನ್ನನ್ನು ಕಾಪಾಡಿಕೊಳ್ಳಲು ಗೆಣಸೇ ತಯಾರಿಸುವ ರಸ ಅದು, ಕುದಿಸಿದರೂ ಹೋಗುವುದಿಲ್ಲ. ಹುಳು ಕೊರೆದಷ್ಟನ್ನು ಕೆತ್ತಿ ಉಳಿದದ್ದನ್ನು ಬಳಸುವವರನ್ನು ನೋಡಿದ್ದೇನೆ. ನಮ್ಮಲ್ಲಿ ಇಡೀ ಗೆಣಸೇ ಹೊರಗೆ. ಒಂದು ಕಹಿ ತುಂಡು ಬಿದ್ದರೆ ಐದು ಕಿಲೋ ಹೂರಣ ಹಾಳು. ಬೂಷ್ಟು ಹಿಡಿದ, ಕೊಳೆತ ಗೆಣಸನ್ನು ದನಕ್ಕೂ ಹಾಕಬೇಡಿ. ಅದರಲ್ಲಿ ಹುಟ್ಟುವ ವಿಷ ದನಗಳ ಶ್ವಾಸಕೋಶಕ್ಕೆ ಏರುತ್ತದೆ, ಉಸಿರು ಕಟ್ಟಿ ಸಾಯುವಷ್ಟು ಕೆಟ್ಟದ್ದು. ಮನುಷ್ಯರು ತಿನ್ನದ್ದನ್ನು ಎಮ್ಮೆಯ ಮುಂದೆ ಸುರಿಯುವುದು ನಮ್ಮ ಹಳ್ಳಿಗಳಲ್ಲಿ ರೂಢಿ, ಅದಕ್ಕೇ ಹೇಳಿದೆ.

ಈ ಹುಳುವಿಗೆ ಮಣ್ಣು ತೋಡುವ ಶಕ್ತಿ ಇಲ್ಲ. ನೆಲ ಬಿರುಕು ಬಿಟ್ಟಾಗ ಆ ಬಿರುಕಿನಲ್ಲಿ ಇಳಿದು ಗೆಣಸಿಗೆ ತಲುಪುತ್ತದೆ. ಆದ್ದರಿಂದಲೇ ಬಳ್ಳಿಯ ಬುಡಕ್ಕೆ ಮಣ್ಣು ಏರಿಸುತ್ತಲೇ ಇರಬೇಕು. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಭೂಮಿ ಜೋಳ, ಕಡಲೆಗೆ ಬಂಗಾರ. ಗೆಣಸಿಗೆ ಅದು ಬಿಗಿ. ಒಣಗಿದರೆ ಬಾಯಿ ಬಿಡುತ್ತದೆ, ಹಸಿಯಾದರೆ ಗೆಣಸನ್ನು ಹಿಂಡಿ ಸೊಟ್ಟ ಮಾಡುತ್ತದೆ. ಕಲಘಟಗಿ, ಅಳ್ನಾವರದ ಕಡೆಯ ಸಡಿಲವಾದ ಕೆಂಪು ಮಣ್ಣಿನಲ್ಲಿ ಬೆಳೆದದ್ದು ನೇರವಾಗಿ, ನುಣುಪಾಗಿ ಬರುತ್ತದೆ. ಊರಿನ ಅಭಿಮಾನದಿಂದ ಹೇಳುತ್ತಿಲ್ಲ, ಎರಡನ್ನೂ ಸುಲಿದ ಕೈ ಹೇಳುತ್ತಿದೆ.

ದಿನಾ ಮಧ್ಯಾಹ್ನ ಒಂದೂವರೆಗೆ ಬರುವ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಸಕ್ಕರೆ ಕಾಯಿಲೆ. ಮೊಬೈಲಿನಲ್ಲಿ ಯಾರೋ ಕಳಿಸಿದ್ದರಂತೆ, ಗೆಣಸು ತಿಂದರೆ ಸಕ್ಕರೆ ಇಳಿಯುತ್ತದೆ, ಎಷ್ಟು ಬೇಕಾದರೂ ತಿನ್ನಬಹುದು ಎಂದು. ಊಟದ ಮೇಲೆ ಮೂರು ಗೆಣಸು ಕೇಳಿದರು. ನಾನು ಕೊಡಲಿಲ್ಲ. ನೂರು ಗ್ರಾಂ ಗೆಣಸಿನಲ್ಲಿ ಸುಮಾರು ಇಪ್ಪತ್ತು ಗ್ರಾಂ ಪಿಷ್ಟ, ಸಕ್ಕರೆ ಇದೆ. ಮೂರು ಗ್ರಾಂನಷ್ಟು ನಾರು, ಸಾಕಷ್ಟು ಪೊಟ್ಯಾಶಿಯಂ ಇರುವುದು ನಿಜ. ಆದ್ದರಿಂದ ಅದು ಮೈದಾ ಬಿಸ್ಕತ್ತಿಗಿಂತ, ಕರಿದ ಮಿರ್ಚಿಗಿಂತ ಸಾವಿರ ಪಾಲು ಮೇಲು. ಆದರೆ ಅದು ಔಷಧವಲ್ಲ, ಊಟ. ರೊಟ್ಟಿಯ ಬದಲು ತಿನ್ನಬೇಕೇ ಹೊರತು ರೊಟ್ಟಿಯ ಮೇಲೆ ಅಲ್ಲ. ಕುದಿಸಿದ್ದಕ್ಕಿಂತ ಸುಟ್ಟದ್ದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ ಎಂಬುದೂ ಗೊತ್ತಿರಲಿ. ಈಗ ಮಾಸ್ತರರಿಗೆ ಒಂದು ರೊಟ್ಟಿ ಕಡಿಮೆ ಮಾಡಿ, ಕುದಿಸಿದ ಸಣ್ಣ ಗೆಣಸು ಒಂದು ಇಡುತ್ತೇನೆ. ಜೊತೆಗೆ ಮೊಸರು, ಶೇಂಗಾ ಚಟ್ನಿ. ಅವರ ಮಗಳು ವೈದ್ಯರನ್ನು ಕೇಳಿಯೇ ಒಪ್ಪಿದ್ದಾಳೆ. ಮೂತ್ರಪಿಂಡದ ತೊಂದರೆ ಇರುವವರಂತೂ ಪೊಟ್ಯಾಶಿಯಂ ಕಾರಣಕ್ಕೆ ವೈದ್ಯರನ್ನು ಕೇಳದೆ ತಿನ್ನಬಾರದು.

ಕಣ್ಣಿಗೆ ಒಳ್ಳೆಯದು ಎಂಬ ಮಾತೂ ಅರ್ಧ ನಿಜ. ಎ ಜೀವಸತ್ವಕ್ಕೆ ಮೂಲವಾದ ಬೀಟಾ ಕ್ಯಾರೋಟಿನ್ ಇರುವುದು ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ. ನಮ್ಮ ಮಾರುಕಟ್ಟೆಗೆ ಬರುವ ಹೆಚ್ಚಿನ ಗೆಣಸು ಹೊರಗೆ ಕೆಂಪಾದರೂ ಒಳಗೆ ಬಿಳಿ. ಅದರಲ್ಲಿ ಅದು ತೀರಾ ಕಡಿಮೆ. ಆಫ್ರಿಕಾದ ಬಡ ಮಕ್ಕಳ ಕಣ್ಣು ಉಳಿಸಲು ಕಿತ್ತಳೆ ತಿರುಳಿನ ಗೆಣಸನ್ನು ಹಬ್ಬಿಸಿದ ವಿಜ್ಞಾನಿಗಳಾದ ಮಾರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಒಂದು ಗೆಡ್ಡೆಯ ಹಿಂದೆ ಬಿದ್ದು ಇಷ್ಟು ದೊಡ್ಡ ಉಪಕಾರ ಮಾಡಿದವರನ್ನು ನೆನೆದರೆ ನನಗೆ ಗಂಟಲು ತುಂಬಿ ಬರುತ್ತದೆ. ನಮ್ಮಲ್ಲಿಯೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಭೂ ಸೋನಾ ಎಂಬ ಕಿತ್ತಳೆ ತಿರುಳಿನ ತಳಿ, ಭೂ ಕೃಷ್ಣಾ ಎಂಬ ನೇರಳೆ ತಿರುಳಿನ ತಳಿ ಕೊಟ್ಟಿದೆ. ತಮ್ಮ ಹೋದ ವರ್ಷ ಪರಿಚಯದ ರೈತರಿಂದ ಕಿತ್ತಳೆ ತಿರುಳಿನ ಬಳ್ಳಿ ತಂದು ಎರಡು ಸಾಲು ಹಾಕಿದ್ದ. ಪಲ್ಯ ಮಾಡಿದೆ, ಮಕ್ಕಳು ಬಣ್ಣ ನೋಡಿಯೇ ತಟ್ಟೆ ಖಾಲಿ ಮಾಡಿದರು. ಈ ಕ್ಯಾರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕು, ಆದ್ದರಿಂದ ಒಂದು ಚಮಚ ತುಪ್ಪ ಹಾಕಲು ಹಿಂಜರಿಯಬೇಡಿ. ಹೋಳಿಗೆಗೆ ಮಾತ್ರ ಅದು ಒಗ್ಗಲಿಲ್ಲ. ನೀರಿನಂಶ ಹೆಚ್ಚು, ಹೂರಣ ಕೈಗೆ ಅಂಟುತ್ತದೆ. ಹೋಳಿಗೆಗೆ ಕೆಂಪು ತೊಗಟೆಯ, ಹಿಟ್ಟುಹಿಟ್ಟಾದ ಬಿಳಿ ತಿರುಳಿನದೇ ಸರಿ.

ಬೇಯಿಸುವುದರಲ್ಲಿ ಅವಸರ ಬೇಡ. ಕುಕ್ಕರಿನಲ್ಲಿ ಮೂರು ಸೀಟಿ ಹಾಕಿಸಿದರೆ ಗೆಣಸು ಬೇಯುತ್ತದೆ, ಸಿಹಿಯಾಗುವುದಿಲ್ಲ. ಗೆಣಸಿನ ಒಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಒಂದು ಕಿಣ್ವವಿದೆ. ಅದು ಚುರುಕಾಗಿ ಕೆಲಸ ಮಾಡುವುದು ತಿರುಳು ಸುಮಾರು ಅರವತ್ತರಿಂದ ಎಪ್ಪತ್ತೈದು ಡಿಗ್ರಿ ಬಿಸಿಯಲ್ಲಿರುವಾಗ. ಅದಕ್ಕಿಂತ ಬಿಸಿಯಾದರೆ ಕಿಣ್ವವೇ ಸಾಯುತ್ತದೆ. ಆ ಬಿಸಿಯನ್ನು ಒಂದೇ ನೆಗೆತಕ್ಕೆ ದಾಟಿಸಿದರೆ ಸಕ್ಕರೆಯಾಗಲು ಸಮಯ ಎಲ್ಲಿ? ಅವ್ವನಿಗೆ ಕಿಣ್ವದ ಹೆಸರು ಗೊತ್ತಿಲ್ಲ. ಆದರೆ ಅವಳ ವಿಧಾನ ಹೀಗಿದೆ: ದೊಡ್ಡ ಬೋಗುಣಿಯ ತಳಕ್ಕೆ ಜೋಳದ ದಂಟಿನ ತುಂಡುಗಳನ್ನು ಅಡ್ಡಡ್ಡ ಜೋಡಿಸಿ, ಎರಡು ಬೆರಳು ತಣ್ಣೀರು ಹಾಕಿ, ತೊಳೆದ ಗೆಣಸನ್ನು ಸಿಪ್ಪೆಸಹಿತ ಇಡಿಯಾಗಿ ಮೇಲೆ ಇಡುತ್ತಾಳೆ. ಒದ್ದೆ ಬಟ್ಟೆ ಹೊದಿಸಿ, ಮುಚ್ಚಳ ಹಾಕಿ, ಮೊದಲಿಂದ ಕೊನೆಯವರೆಗೂ ಸಣ್ಣ ಉರಿ. ಮುಕ್ಕಾಲು ತಾಸು, ಕೆಲವೊಮ್ಮೆ ಒಂದು ತಾಸು. ನೀರು ಗೆಣಸಿಗೆ ತಾಗಬಾರದು, ಹಬೆ ಮಾತ್ರ ತಾಗಬೇಕು. ಬೆಂದದ್ದನ್ನು ಸುಲಿದರೆ ಸಿಪ್ಪೆ ಕಾಗದದಂತೆ ಬಿಡುತ್ತದೆ, ಬೆರಳಿಗೆ ತೆಳ್ಳಗೆ ಪಾಕ ಅಂಟುತ್ತದೆ.

ಹೂರಣಕ್ಕೆ ಬಿಸಿ ಇರುವಾಗಲೇ ಹಿಸುಕಿ ಜರಡಿಯಲ್ಲಿ ಉಜ್ಜಬೇಕು, ನಾರು ಮೇಲೆ ಉಳಿಯುತ್ತದೆ. ಒಂದು ಕಿಲೋ ತಿರುಳಿಗೆ ಹೊಸ ಗೆಣಸಾದರೆ ಅರ್ಧ ಕಿಲೋ ಬೆಲ್ಲ ಬೇಕಾಗುತ್ತದೆ. ಅಟ್ಟದ ಮೇಲೆ ಮಲಗಿದ್ದಕ್ಕೆ ನಾನು ಮುನ್ನೂರೈವತ್ತು ಗ್ರಾಂ ಹಾಕುತ್ತೇನೆ. ಪುಡಿಮಾಡಿದ ಬೆಲ್ಲ ಬೆರೆಸಿ, ನೀರು ಹಾಕದೆ, ದಪ್ಪ ತಳದ ಪಾತ್ರೆಯಲ್ಲಿ ಸೌಟು ನೆಟ್ಟಗೆ ನಿಲ್ಲುವವರೆಗೆ ತಿರುವಬೇಕು. ಒಂದು ಚಿಟಿಕೆ ಉಪ್ಪು, ಏಲಕ್ಕಿ, ಜಾಜಿಕಾಯಿ. ಹಾಗೂ ಸಡಿಲ ಅನ್ನಿಸಿದರೆ ಎರಡು ಚಮಚ ಪುಟಾಣಿ ಹಿಟ್ಟು ಸೇರಿಸಿ. ಪೂರ್ತಿ ಆರಿದ ಮೇಲೆ ಉಂಡೆ ಕಟ್ಟಿ, ಕಣಕದಲ್ಲಿ ತುಂಬಿ, ಹಗುರ ಕೈಯಿಂದ ಲಟ್ಟಿಸಿ ಹಂಚಿಗೆ ಹಾಕಿ. ಬಿಸಿ ಹೂರಣ ಕಣಕವನ್ನು ಮೆತ್ತಗೆ ಮಾಡಿ ಹರಿಸುತ್ತದೆ.

ಉಪವಾಸದ ದಿನಕ್ಕೆ ಪಲ್ಯ ಸಾಕು: ಬೆಂದ ಗೆಣಸಿನ ಹೋಳು, ತುಪ್ಪದಲ್ಲಿ ಜೀರಿಗೆ, ಹಸಿಮೆಣಸಿನಕಾಯಿ, ಇಳಿಸುವಾಗ ತರಿತರಿ ಶೇಂಗಾ ಪುಡಿ, ನಿಂಬೆಹಣ್ಣು. ಶಿವರಾತ್ರಿಯ ಹೊತ್ತಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಬಂದವರಿಂದ ಊರು ತುಂಬಿರುತ್ತದೆ. ಆ ದಿನ ನಮ್ಮಲ್ಲಿ ರೊಟ್ಟಿ ಬಡಿಯುವುದಿಲ್ಲ, ಕುದಿಸಿದ ಗೆಣಸು, ಈ ಪಲ್ಯ, ಮಜ್ಜಿಗೆ ಮಾತ್ರ.

ನಿನ್ನೆ ಎರಡೂ ಚೀಲ ಆರಿಸಿ ಮುಗಿಸುವಾಗ ರಾತ್ರಿ ಒಂಬತ್ತಾಗಿತ್ತು. ಒಳ್ಳೆಯದು ಅಟ್ಟಕ್ಕೆ ಹೋಯಿತು. ಹುಳು ಹಿಡಿದ ಏಳನ್ನು ತೆಗೆದು ಹಾಕಿದೆವು. ಗುದ್ದಲಿ ತಾಗಿ ತುಂಡಾದವು, ಹೆಬ್ಬೆರಳಿಗಿಂತ ಸಣ್ಣವು ಒಂದು ಬುಟ್ಟಿ ಉಳಿದವು, ಅವು ನಿಲ್ಲುವ ಮಾಲಲ್ಲ. ಅವ್ವ ಅವನ್ನು ಒಲೆಯ ಬಿಸಿ ಬೂದಿಯಲ್ಲಿ ಹೂತು, ಮೇಲೆ ನಾಲ್ಕು ಕೆಂಡ ಎಳೆದಳು. ಪಾತ್ರೆ ತೊಳೆದು ಬರುವಷ್ಟರಲ್ಲಿ ಒಂದರ ತೊಗಟೆ ಬಿರಿದು ಕಂದು ಪಾಕ ಬೂದಿಗೆ ಇಳಿದು ಸಣ್ಣಗೆ ಚುರುಗುಟ್ಟುತ್ತಿತ್ತು. ಕೆಲಸದ ಹೆಂಗಸರು, ಅವ್ವ, ನಾನು ಒಲೆಯ ಸುತ್ತ ಕುಳಿತು ಬೂದಿ ಊದಿ ಊದಿ ತಿಂದೆವು. ಅಟ್ಟದ ಮೇಲಿನದಕ್ಕೆ ಇನ್ನು ವಾರಕ್ಕೆ ಎರಡು ಸಲ ಏಣಿ ಹತ್ತಿ, ಪ್ರತಿ ಬುಟ್ಟಿಯನ್ನೂ ಮೂಸಿ, ಕೆಟ್ಟದ್ದಿದ್ದರೆ ತೆಗೆಯುವ ಕೆಲಸ ನನ್ನದು. ಮೊದಲ ಸರದಿ ಗುರುವಾರ.